ಅಗತ್ಯಕ್ಕಿಂತ ಚೆನ್ನಾಗಿ ಮಾಡಿದ ಸೆನ್ಸರ್

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕೆಂದು ಡಾಕ್ಟರು ಬರೆದಿದ್ದರು, ಆಗುತ್ತಿದ್ದುದು ಎರಡೇ ಸಲ. ಆಸ್ಪತ್ರೆಯ ಆರು ಯಂತ್ರಗಳಲ್ಲಿ ನಾಲ್ಕು ಮೂಲೆ ಹಿಡಿದಿದ್ದವು. ಅವನ್ನು ನೋಡಿಕೊಳ್ಳುವ ಮೆಕ್ಯಾನಿಕ್ ನಾನೇ. ಮನೆಯಲ್ಲೂ ನೀನು, ಕೆಲಸದಲ್ಲೂ ನೀನು, ನಿನ್ನಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ ಎಂದು ಅವಳನ್ನು ರೇಗಿಸುತ್ತಿದ್ದೆ.

ಕೆಟ್ಟಿದ್ದು ಯಂತ್ರದೊಳಗಿನ ಒಂದು ಸೆನ್ಸರ್. ಕೊಳವೆಯಲ್ಲಿ ಒತ್ತಡ ಎಷ್ಟಿದೆಯೆಂದು ಅಳೆಯುವ, ಅಂಗಿ ಗುಂಡಿಯಷ್ಟಗಲದ ಬಿಲ್ಲೆ. ಅದು ಸರಿಯಿಲ್ಲದಿದ್ದರೆ ಯಂತ್ರ ಶುರುವಾಗುವುದೇ ಇಲ್ಲ. ನಮ್ಮ ಸರ್ಕಾರ ಅಣುಬಾಂಬ್ ಮಾಡುತ್ತಿದೆಯೆಂದು ಹೊರಗಿನ ದೇಶಗಳು ನಿರ್ಬಂಧ ಹಾಕಿದ ಮೇಲೆ ಅದು ಬರುವುದು ನಿಂತಿತು. ಆಸ್ಪತ್ರೆ ಸಾಮಾನಿಗೆ ವಿನಾಯಿತಿ ಇದೆ ಎಂದು ಕಾಗದದಲ್ಲೇನೋ ಇತ್ತು. ಆದರೆ ಈ ಜಾತಿಯ ಸೆನ್ಸರ್, ಆಸಿಡ್ಡಿನಂತೆ ಸುಡುವ ಅನಿಲ ಹರಿಯುವ ಬಾಂಬಿನ ಕಾರ್ಖಾನೆಯ ಕೊಳವೆಗಳಿಗೂ ಆಗುತ್ತದಂತೆ. ವರ್ಷಕ್ಕೆರಡು ಸಲ ಅರ್ಜಿ ತುಂಬಿ, ರೋಗಿಗಳ ಪಟ್ಟಿ ಲಗತ್ತಿಸಿ ಆ ದೇಶಗಳಿಗೆ ಕಳಿಸುತ್ತಿದ್ದೆ. ಪ್ರತಿ ಸಲವೂ ಅದೇ ಮರ್ಯಾದೆಯ ಉತ್ತರ: ವಿಷಾದಿಸುತ್ತೇವೆ. ಬಾಂಬ್ ಮಾಡುವ ಮುಖವೇ ನನ್ನದು ಎಂದು ಅವರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಕೊನೆಗೆ ನಾನೇ ಮಾಡಲು ಕೂತೆ. ಹನ್ನೊಂದು ತಿಂಗಳು ಹಿಡಿಯಿತು. ಇಪ್ಪತ್ತಾರು ಕಸದ ಬುಟ್ಟಿ ಸೇರಿದವು, ಇಪ್ಪತ್ತೇಳನೆಯದು ಕೆಲಸ ಮಾಡಿತು. ಸರ್ಕಾರಿ ಪರೀಕ್ಷಾಲಯದ ಸರ್ಟಿಫಿಕೇಟ್ ಇಲ್ಲದೆ ರೋಗಿಗೆ ಬಳಸುವಂತಿಲ್ಲವಾದ್ದರಿಂದ ಅಲ್ಲಿಗೆ ಕಳಿಸಿದೆ. ನಾನು ಎಡವಿದ್ದು ಇಲ್ಲೇ. ಆಸ್ಪತ್ರೆಗೆ ಅಳತೆ ನೂರಕ್ಕೆ ಎರಡರಷ್ಟು ತಪ್ಪಿದರೂ ನಡೆಯುತ್ತದೆ. ನನ್ನದು ಸಾವಿರಕ್ಕೆ ಒಂದರಷ್ಟೂ ತಪ್ಪುತ್ತಿರಲಿಲ್ಲ. ಸಾಲದ್ದಕ್ಕೆ, ಆಸಿಡ್ ಹಬೆಯಲ್ಲಿ ಹತ್ತು ದಿನ ಇಟ್ಟರೂ ಅದಕ್ಕೇನೂ ಆಗಲಿಲ್ಲ ಎಂದು ಮೂರು ಪುಟದ ವರದಿ ಬೇರೆ ಬರೆದೆ. ಯಾರೂ ಕೇಳಿರಲಿಲ್ಲ. ಯಾರಾದರೂ ಭೇಷ್ ಎನ್ನಲಿ ಎಂಬ ಚಪಲ, ಅಷ್ಟೇ.

ಆ ಒಂದು ಬಿಲ್ಲೆಗೆ ಸರ್ಟಿಫಿಕೇಟ್ ಬಂತು. ಒಂದು ಯಂತ್ರ ಎದ್ದು ನಿಂತಿತು, ಅಕ್ಕನಿಗೆ ಮೂರನೆಯ ಸರದಿ ಸಿಕ್ಕಿತು. ತಿಂಗಳೊಳಗೆ ಅವಳ ಮುಖಕ್ಕೆ ಕಳೆ ಬಂತು. ನನ್ನ ಜೊತೆ ಜಗಳಕ್ಕೂ ನಿಂತಳು. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಆಮೇಲೆ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ನನ್ನ ವರ್ಕ್‌ಶಾಪಿಗೆ ಬಂದರು. ಕೈಯಲ್ಲಿ ನನ್ನದೇ ವರದಿ. ಆಸಿಡ್ಡಿನ ಪ್ಯಾರಾಕ್ಕೆ ಕೆಂಪು ಗೆರೆ ಎಳೆದಿದ್ದರು.

"ಇಂಥವು ಇನ್ನೂರು ಬೇಕು."

"ಇನ್ನೂರಾ? ಅಷ್ಟು ಡಯಾಲಿಸಿಸ್ ಮೆಷಿನ್ ಎಲ್ಲಿವೆ ಸಾರ್?"

"ಡಯಾಲಿಸಿಸ್‌ಗೆ ಅಂತ ನಾನು ಹೇಳಿದ್ನಾ?"

ಬಾಂಬಿನ ಕಾರ್ಖಾನೆಗೆ ಎಂದು ಆಗ ಹೊಳೆಯಿತು. ನಾಲ್ಕು ವರ್ಷ ನಾನು ಬೈದವರ ಮಾತು ನಿಜವಾಗಿತ್ತು. ಅದಕ್ಕೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಅವರ ಕಣ್ಣೆದುರೇ ಮೂರು ಮಾಡಿ ತೋರಿಸಬೇಕಂತೆ. ಸರಿಬಂದರೆ ನಾನು ಅವರ ಕಾರ್ಖಾನೆಗೆ, ಆಸ್ಪತ್ರೆಗೆ ಹೊಸ ಯಂತ್ರಗಳು.

"ಕೆಟ್ರೆ?"

"ಮೂರೂ ಕೆಟ್ರೆ ಆ ಹಳೇದನ್ನೂ ನಂಬೋ ಹಾಗಿಲ್ಲ. ಸರ್ಟಿಫಿಕೇಟ್ ರದ್ದು."

ಅಕ್ಕ ಮನೆಯಲ್ಲಿ ಯಾರದೋ ಅಂಗಿ ಹೊಲಿಯುತ್ತಿದ್ದಳು. ಎಲ್ಲ ಹೇಳಿದೆ.

"ಹೂಂ ಅಂದ್ಬಿಡ್ತೀನಿ ಅಕ್ಕಾ. ಹೊಸ ಮೆಷಿನ್ ಬರ್ತವೆ."

"ನೀನು ಮಾಡಿದ್ದು ಎಲ್ಲಿಗೆ ಹೋಗುತ್ತೆ?"

"ನಾನೇನು ಬಾಂಬ್ ಮಾಡ್ತೀನಾ? ಗುಂಡಿಯಷ್ಟು ಸೆನ್ಸರ್ ಕಣೇ."

"ಗುಂಡಿ ಇಲ್ದೆ ಅಂಗಿ ನಿಲ್ಲುತ್ತೇನೋ?" ಎಂದು ದಾರ ಕಚ್ಚಿ ತುಂಡರಿಸಿದಳು. "ಕೆಡಿಸು."

"ಕೆಡಿಸಿದ್ರೆ ನಿಂಗೆ ಮತ್ತೆ ಎರಡೇ ಸಲ."

"ಎಣಿಸೋಕೆ ನಂಗೂ ಬರುತ್ತೆ. ಯಾರಿಗೂ ಗೊತ್ತಾಗದ ಹಾಗೆ ಕೆಡಿಸು."

ನಿನ್ನ ಜೀವ ನಿನ್ನೊಬ್ಬಳದೇನಾ ಎಂದು ಕೂಗಾಡಿದೆ. ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು.

ಸೋಮವಾರ ಮೊದಲನೆಯದನ್ನು ಕೆಡಿಸಲು ಕೈ ಒಪ್ಪಲಿಲ್ಲ. ಹಲ್ಲು ಕಚ್ಚಿಕೊಂಡು ಬೆಸುಗೆಯನ್ನು ತುಸು ಹೆಚ್ಚು ಕಾಯಿಸಿದೆ. ಎರಡನೆಯದೂ ಹಾಗೇ. ಮೂರನೆಯದು ಎಷ್ಟು ಕೆಟ್ಟಿತ್ತೆಂದರೆ ಕನ್ನಡಕದವರು ಅದನ್ನು ಅಳೆಯುವ ಗೋಜಿಗೇ ಹೋಗಲಿಲ್ಲ.

"ಆವತ್ತಿಂದು ಬರೀ ಅದೃಷ್ಟ ಅನ್ಸುತ್ತೆ" ಎಂದರು.

"ಹೌದು ಸಾರ್, ಅದೃಷ್ಟ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವರು ಅದನ್ನೇ ಸಾಕ್ಷಿ ಎಂದುಕೊಂಡಿರಬೇಕು.

ಗುರುವಾರ ಯಂತ್ರಕ್ಕೆ ಸೀಲು ಬಿತ್ತು. ನರ್ಸಮ್ಮ ಸರದಿಯ ಪಟ್ಟಿ ತೆಗೆದು, ಸ್ಕೇಲಿಟ್ಟು ಮೂರನೆಯ ಸಾಲನ್ನು ಹೊಡೆದುಹಾಕಿದರು. ಆ ಸಾಲಿನಲ್ಲಿ ಹದಿನೆಂಟು ಹೆಸರಿದ್ದವು. ಅಲ್ಲಿಯವರೆಗೆ ನಾನು ಓದಿದ್ದು ಒಂದೇ ಹೆಸರನ್ನು.

ಅಕ್ಕನ ಪಕ್ಕದ ಹಾಸಿಗೆಯಲ್ಲಿ ಬಸ್ ಡ್ರೈವರೊಬ್ಬನ ಹೆಂಡತಿ ಇದ್ದಳು. ಡ್ರೈವರ್ ನನ್ನನ್ನು ಬಾಗಿಲ ಹತ್ತಿರ ತಡೆದ.

"ಅಣ್ಣಾ, ಒಂದು ಮಾಡಿದ್ರಲ್ಲ, ಅಂಥದ್ದೇ ಇನ್ನೊಂದು ಆಗಲ್ವಾ? ವಾರಕ್ಕೆ ಎರಡೇ ಸಲ ಅಂದ್ರೆ ಅವಳಿಗೆ ಉಸಿರೇ ಸಾಲಲ್ಲ."

"ನಂಗೆ ಬರಲ್ಲ ತಮ್ಮಾ" ಎಂದೆ. "ಅದು ಹೇಗೋ ಆಗಿದ್ದು."

ಅವನು ನಂಬಿದ. ನನ್ನ ಕೈ ಹಿಡಿದು, ಅಷ್ಟಾದರೂ ಮಾಡಿದ್ರಲ್ಲ ಎಂದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಕೆಡಿಸುವ ಮೊದಲು ಆ ಹದಿನೆಂಟು ಜನರಲ್ಲಿ ನಾನು ಕೇಳಿದ್ದು ಅವಳೊಬ್ಬಳನ್ನೇ.