ಬೂ ನಾಸರ್ ಕುಡಿಯದ ಕಹ್ವಾ

ಕುವೈತಿನ ಫರ್ವಾನಿಯಾದಲ್ಲಿರುವ ನಮ್ಮ ವೃದ್ಧರ ಆರೈಕೆ ಕೇಂದ್ರಕ್ಕೆ ತಿಂಗಳಿಗೊಮ್ಮೆ ಹಕ್ಕುಗಳ ಅಧಿಕಾರಿ ಶ್ಯಾಮಸುಂದರ್ ಬರುತ್ತಾರೆ. ಇಲ್ಲಿರುವವರ ದೂರು ಕೇಳುವುದು ಅವರ ಕೆಲಸ. ಅವರಿಗೆ ಸಹಕರಿಸುವುದು ಮ್ಯಾನೇಜರ್ ನೈಜೆಲ್ ಅವರ ಕೆಲಸ. ಅದಕ್ಕಾಗಿ, ಇಬ್ಬರೂ ಕರಾವಳಿಯವರಾದ್ದರಿಂದ, ಬೆಳಿಗ್ಗೆಯೇ ಕೋರಿರೊಟ್ಟಿ ತರಿಸುತ್ತಾರೆ.

ನಾನು ಕುರ್ಚಿ ತಳ್ಳುವ ಬೂ ನಾಸರ್, ಹರೆಯದಲ್ಲಿ ಬೊಂಬಾಯಿಯಲ್ಲಿದ್ದು ಹಿಂದಿ ಕಲಿತ ಕುವೈತಿ ಮುದುಕರು. ಅವರಿಗಿದ್ದದ್ದು ಒಂದೇ ಆಸೆ. ಸೋಮವಾರ ಸಂಜೆ ಗೆಳೆಯನ ಮನೆಯ ದಿವಾನಿಯಾದಲ್ಲಿ, ಅಂದರೆ ಗಂಡಸರ ಬೈಠಕ್ಕಿನಲ್ಲಿ, ಕೂತು ಹರಟಬೇಕು. ಗೆಳೆಯನಿಗೂ ಕಾಯಿಲೆ, ಹೆಚ್ಚು ದಿನ ಇರುವ ಹಾಗಿರಲಿಲ್ಲ. ನೈಜೆಲ್ ಗಾಡಿ ಕೊಡುತ್ತಿರಲಿಲ್ಲ. ಆದರೆ ಅಧಿಕಾರಿ ಕೋಣೆಗೆ ಬಂದೊಡನೆ ಮುದುಕರು ಅರಬ್ಬಿ ಕಾಫಿ ಕಹ್ವಾ ಬಗ್ಗಿಸಿ, "ಸಬ್ ಅಚ್ಛಾ" ಎಂದುಬಿಡುತ್ತಿದ್ದರು. ಬಂದ ಅತಿಥಿಯ ಮುಂದೆ ಗೋಳು ಹೇಳಿಕೊಳ್ಳುವುದು ಅವರಿಗೆ ಅವಮಾನ. ವರದಿಯಲ್ಲಿ ಪ್ರತಿ ಸಲವೂ 'ಸಂತೃಪ್ತ'.

ಈ ತಿಂಗಳು ಶ್ಯಾಮಸುಂದರ್ ಬಂದೊಡನೆ ನಾನು ಮುದುಕರನ್ನೇ ಕೆಳಗೆ ನೈಜೆಲ್ ಆಫೀಸಿಗೆ ತಳ್ಳಿಕೊಂಡು ಹೋದೆ. ಅಲ್ಲಿ ಅವರು ಅತಿಥಿ.

ನೈಜೆಲ್ ಕಹ್ವಾ ಕೊಟ್ಟರು. ಬೂ ನಾಸರ್ ಬಟ್ಟಲನ್ನು ಕುಡಿಯದೆ ಮೇಜಿನ ಮೇಲಿಟ್ಟರು. ಕೇಳಿದ್ದಕ್ಕೆ ಒಪ್ಪಿಗೆ ಸಿಗುವವರೆಗೆ ಅತಿಥಿ ಕಹ್ವಾ ಮುಟ್ಟದಿರುವುದು ಇಲ್ಲಿನ ರೂಢಿ.

"ಬಿಸಿ ಸಾಲದೇನೋ," ಎಂದು ನೈಜೆಲ್ ಬೇರೆ ತಂದರು. ಮುದುಕರು ಅದನ್ನೂ ಮೇಜಿನ ಮೇಲಿಟ್ಟರು.

"ಪೆಹಲೆ ಬಾತ್," ಎಂದರು ಬೂ ನಾಸರ್. "ಸೋಮವಾರ್ ದಿವಾನಿಯಾ. ತುಮ್ ಹಾಂ ಬೋಲೋ, ಹಮ್ ಪಿಯೇಗಾ."

ಶ್ಯಾಮಸುಂದರ್ ಪೆನ್ನು ತೆಗೆದವರು ಹಾಗೇ ನಿಲ್ಲಿಸಿದರು. "ಇದು ದೂರಾ ಮಾರಾಯ್ರೆ?"

"ದೂರೆಂತದ್ದು ಸರ್, ಕಾಫಿ ವಿಷಯ," ಎಂದರು ನೈಜೆಲ್.

"ದೂರಾದ್ರೆ ಬರೀಬೇಕು. ಬರೆದ್ರೆ ನಾನೇ ವಿಚಾರಣೆ ಮಾಡ್ಬೇಕು."

"ನಿಮಗ್ಯಾಕೆ ಸರ್ ಆ ಉಪದ್ರ? ಸೋಮವಾರ ಗಾಡಿ ಕೊಡುವ. ನೀವು ಕೂತ್ಕೊಳ್ಳಿ, ರೊಟ್ಟಿ ಮೆತ್ತಗಾಗ್ತದೆ."

ನೈಜೆಲ್ "ಹಾಂ" ಎಂದರು. ಬೂ ನಾಸರ್ ತಣ್ಣಗಾದ ಎರಡೂ ಬಟ್ಟಲು ಕುಡಿದರು. ಶ್ಯಾಮಸುಂದರ್ ಬರೆದರು: 'ದೂರಿಲ್ಲ. ಸಹಕಾರ ಅತ್ಯುತ್ತಮ.'

ಸೋಮವಾರ ಗಾಡಿ ಬಂತು. ಒಳಗೆ ಆಗಲೇ ಐದು ಮಂದಿ ಮುದುಕರನ್ನು ಕೂರಿಸಿದ್ದರು. ಅವರಲ್ಲೊಬ್ಬರು ಆಸ್ಪತ್ರೆಗೆಂದು ತಿಳಿದು ಅಳುತ್ತಿದ್ದರು.

"ಇವರೆಲ್ಲ ಯಾಕೆ ಸರ್?" ಎಂದು ನೈಜೆಲ್‌ರನ್ನು ಕೇಳಿದೆ.

"ಹಕ್ಕು ಎಲ್ರಿಗೂ ಒಂದೇ ಅಲ್ವಾ ಮಗಾ? ಒಬ್ರಿಗೇ ಕೊಟ್ರೆ ಭೇದ ಅಂತಾರೆ. ನಗ್ಲಿಕ್ಕೆ ಹೇಳು, ಫೋಟೊ ಉಂಟು."

ಬಾಗಿಲಿಗೆ ಬಂದ ಆರು ಗಾಲಿಕುರ್ಚಿಗಳನ್ನು ಗೆಳೆಯ ಬೆರಳು ತೋರಿಸಿ ಎಣಿಸಿದರು. ಆಮೇಲೆ ಐವರನ್ನೂ, ಅವರ ಜೊತೆ ನೈಜೆಲ್‌ರನ್ನೂ ಖರ್ಜೂರದ ತಟ್ಟೆಯ ಮುಂದೆ ಕೂರಿಸಿ, ಬೂ ನಾಸರ್ ಅವರ ಕುರ್ಚಿಯನ್ನು ತಮ್ಮ ಪಕ್ಕಕ್ಕೆ ಎಳೆಸಿಕೊಂಡರು. ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು.

ಆ ಫೋಟೊ ಮಾತ್ರ ನೈಜೆಲ್ ತೆಗೆಯಲಿಲ್ಲ. ಅವರ ಬಾಯಿ ತುಂಬ ಖರ್ಜೂರವಿತ್ತು.