ಹನ್ನೊಂದನೆಯ ಪಟ್ಟಿ

ಊರೆಲ್ಲ ‘ಪರದೆ ಅಕ್ಕ’ ಎಂದು ಕರೆಯುತ್ತಿದ್ದವಳ ಅಂಗಡಿಯ ಗಾಜಿನ ಹಿಂದೆ ಆಳೆತ್ತರದ ಒಂದು ಫೋಟೋ ಇತ್ತು. ಸಭಾಂಗಣದ ವೇದಿಕೆ, ಅದರ ಮುಂದೆ ಇಳಿಬಿದ್ದ ಕಡುಗೆಂಪು ಮಖಮಲ್ಲಿನ ಪರದೆ. ಕೆಳಗೆ ಬಂಗಾರದ ಅಕ್ಷರದಲ್ಲಿ ‘ನನ್ನ ಕೈಕೆಲಸ’ ಎಂದು ಬರೆಸಿತ್ತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಗುಬ್ಬಿಯ ಹೆಜ್ಜೆ ನಿಧಾನವಾಗುತ್ತಿತ್ತು. ಅದು ಕೋಪಕ್ಕಲ್ಲ. ತಾನು ಕತ್ತರಿಸಿದ ಬಟ್ಟೆ ಫೋಟೋದಲ್ಲಿಯೂ ಎಷ್ಟು ಚೆಂದ ನೆರಿಗೆ ಬಿದ್ದಿದೆ ಎಂದು ನೋಡುವುದಕ್ಕೆ.

“ನೋಡ್ಕೊಂಡು ಹಾಗೇ ಬಂದ್ಯಾ?” ಎಂದು ಅಮ್ಮ ರೇಗುತ್ತಿದ್ದಳು. “ಬಿತ್ತಿದ್ದು ನೀನು, ಕೊಯ್ಕೊಂಡಿದ್ದು ಅವಳು. ನಿನ್ನ ಬಾಯಿಗೇನು ಗುಂಡಿ ಹಾಕಿದಾರಾ?”

“ಗುಂಡಿ ಆಗಿದ್ರೆ ಬಿಚ್ಚಬಹುದಿತ್ತಮ್ಮ. ಇದು ಹೊಲಿದೇಬಿಟ್ಟಿದೆ.”

ಎಂಟು ವರ್ಷ ಅವರಿಬ್ಬರದು ಒಂದೇ ಕೋಣೆ, ಒಂದೇ ಮೇಜು. ಅಕ್ಕ ಊರೆಲ್ಲ ಸುತ್ತಿ ಕೆಲಸ ಹಿಡಿದು ತರುತ್ತಿದ್ದಳು, ಗುಬ್ಬಿ ಅಳೆದು ಕತ್ತರಿಸುತ್ತಿದ್ದಳು, ಹೊಲಿಗೆ ಇಬ್ಬರದೂ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆ ಅಕ್ಕನನ್ನು ನೋಡಿಯೇ ಹುಟ್ಟಿದ್ದಿರಬೇಕು. ದರ್ಜಿಯ ಅಂಗಡಿಯ ಮೂಲೆಯಲ್ಲಿ ಕೂತು ಪ್ಯಾಂಟಿನ ಕಾಲು ಮಡಿಚಿ ಹೊಲಿಯುತ್ತಿದ್ದ ಹುಡುಗಿಯನ್ನು ಕಂಡು, “ನಿನ್ನ ಕತ್ತರಿ, ನನ್ನ ನಾಲಿಗೆ, ಎರಡೂ ಹರಿತ. ಬಾ, ಪಾಲಿಗೆ ಸೇರ್ಕೋ” ಎಂದು ಕರೆದದ್ದೂ ಅದೇ ಬಾಯಿ. ಗುಬ್ಬಿ ಅದನ್ನು ಮರೆತಿರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಬೇರೆಯಾಗಿ ಮುಖ್ಯರಸ್ತೆಗೆ ಹೋದಳು. ಗುಬ್ಬಿ ಅಮ್ಮನನ್ನು ಜೊತೆಗಿಟ್ಟುಕೊಂಡು ಹಳೆಯ ಕೋಣೆಯಲ್ಲೇ ಉಳಿದಳು. ಕೆಲಸ ತರುವ ನಾಲಿಗೆ ಹೋದ ಮೇಲೆ ಕತ್ತರಿ ಒಂದೇ ಏನು ಮಾಡೀತು? ದಿಂಬಿನ ಚೀಲ, ಅಡುಗೆಮನೆಯ ಕಿಟಕಿಯ ತುಂಡು ಪರದೆ, ಅಷ್ಟೇ ಬರುತ್ತಿದ್ದದ್ದು. ಈಗ ಫೋಟೋದಲ್ಲಿದ್ದ ಆ ಸಭಾಂಗಣದ ಪರದೆ ಸವೆದಿತ್ತು, ಅಲ್ಲಿಯವರು ಹೊಸದು ಮಾಡಿಸುವವರಿದ್ದರು. ಅದು ಕೈಗೆ ಬಂದರೆ ಕೋಣೆ ಉಳಿಯುತ್ತದೆ. ಬಾರದಿದ್ದರೆ ಮತ್ತೆ ದರ್ಜಿಯ ಮೂಲೆ, ಪ್ಯಾಂಟಿನ ಕಾಲು. ಅದಕ್ಕಾಗಿಯೇ, ಅಮ್ಮ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡ ಮೇಲೆ, ಗುಬ್ಬಿ ಟೇಪು ಹಿಡಿದು ಸಭಾಂಗಣಕ್ಕೆ ಹೊರಟಳು.

ಅಕ್ಕ ಆಗಲೇ ಅಲ್ಲಿದ್ದಳು. ವೇದಿಕೆಯ ನಡುವೆ ನಿಂತು, ಮದುವೆಮನೆಯ ಯಜಮಾನಿಯ ಹಾಗೆ ಮ್ಯಾನೇಜರಿಗೆ ಪರದೆ ತೋರಿಸುತ್ತಿದ್ದಳು.

“ಒಂಬತ್ತು ವರ್ಷ ಆಯ್ತು ಸಾರ್, ಒಂದು ಹೊಲಿಗೆ ಬಿಟ್ಟಿದ್ಯಾ ನೋಡಿ. ಅಳತೆಯಿಂದ ಹಿಡಿದು ಕೊನೇ ಗಂಟಿನವರೆಗೂ ನಾನೇ ನಿಂತು ಮಾಡಿದ್ದು.”

ಮ್ಯಾನೇಜರು ಹೊಸಬರು, ಬಂದು ಒಂದು ವರ್ಷವೂ ಆಗಿರಲಿಲ್ಲ. ಅವರು ಕಂಬದ ಪಕ್ಕ ನಿಂತಿದ್ದ ಗುಬ್ಬಿಯ ಕಡೆ ನೋಡಿದರು. “ಇವರೂ ನಾವೇ ಮಾಡಿದ್ದು ಅಂತ ಚೀಟಿ ಕಳಿಸಿದ್ರಲ್ಲ?”

ಚೀಟಿ ಬರೆದದ್ದು ಅಮ್ಮ. ಗುಬ್ಬಿಯ ಕಿವಿ ಬಿಸಿಯಾಯಿತು.

“ಓ, ನಮ್ಮ ಗುಬ್ಬಿ!” ಅಕ್ಕ ನಕ್ಕಳು. “ನಮ್ಮಲ್ಲಿ ಬಟ್ಟೆ ಹಿಡ್ಕೊಳ್ಳೋಕೆ ಇದ್ಲು. ಪಾಪ, ಒಳ್ಳೆ ಹುಡುಗಿ.”

ಬಟ್ಟೆ ಹಿಡಿದುಕೊಳ್ಳುವುದಕ್ಕೆ! ಗುಬ್ಬಿ ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

ಅಷ್ಟರಲ್ಲಿ ಮ್ಯಾನೇಜರು ಬಾಲ್ಕನಿಯ ಕಡೆ ತಲೆಯೆತ್ತಿ, ಎಲ್ಲ ದೀಪ ಹಾಕುವಂತೆ ಕೂಗಿದರು. ಅಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಎಲ್ಲರೂ ಲೈಟ್ ಮಾಮ ಎನ್ನುತ್ತಿದ್ದರು.

“ಎಲ್ಲಾನೂ ಒಂದೇ ಸಮ ಹಾಕ್ಲಾ? ಆಮೇಲೆ ನನ್ನ ಬೈಬಾರದು!” ಎಂದು ಮೇಲಿನಿಂದ ದನಿ ಬಂತು.

ದೀಪ ಬಂದವು. ಹದಿನಾರು ಪಟ್ಟಿ ಜೋಡಿಸಿ ಹೊಲಿದ ಪರದೆಯಲ್ಲಿ, ಎಡಗಡೆಯಿಂದ ಹನ್ನೊಂದನೆಯ ಪಟ್ಟಿ ಮಾತ್ರ ಉಳಿದವಕ್ಕಿಂತ ಕಪ್ಪಗೆ, ಮಸಿ ಬಳಿದಂತೆ ನಿಂತಿತು.

“ಇದೇನಿದು?” ಎಂದರು ಮ್ಯಾನೇಜರು.

“ಇಷ್ಟು ದಿನ ಅದರ ಮೇಲೆ ಒಂದು ದೀಪ ಜಾಸ್ತಿ ಬಿಡ್ತಿದ್ದೆ ಸಾರ್,” ಎಂದ ಮಾಮ. “ಒಂಬತ್ತು ವರ್ಷದಲ್ಲಿ ಕಾರ್ಯಕ್ರಮ ನೋಡೋಕೆ ಬಂದವರಿಗೆ ಒಬ್ಬರಿಗೂ ಗೊತ್ತಾಗಿಲ್ಲ.”

“ಮಿಲ್ಲಿನವರ ತಪ್ಪು ಸಾರ್,” ಎಂದು ಅಕ್ಕ ತಕ್ಷಣ ಹೇಳಿದಳು. “ಬಣ್ಣ ಸರಿಯಾಗಿ ಹಿಡಿದಿಲ್ಲ.”

ಗುಬ್ಬಿ ಕಂಬದ ಪಕ್ಕದಿಂದಲೇ ಆ ಪಟ್ಟಿಯನ್ನು ದಿಟ್ಟಿಸಿದಳು. ಮಖಮಲ್ಲಿಗೆ ಬೆಕ್ಕಿನ ಬೆನ್ನಿನ ಹಾಗೆ ರೋಮದ ಓಟವಿರುತ್ತದೆ. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಒರಟು. ಎಲ್ಲ ಪಟ್ಟಿಗಳ ಓಟವೂ ಒಂದೇ ಕಡೆಗಿರಬೇಕು. ತಿರುವುಮುರುವಾದದ್ದು ಬೆಳಕಿನಲ್ಲಿ ಬೇರೆ ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಅವಳು ಪ್ರತಿ ತುಂಡನ್ನೂ ಸವರಿ ನೋಡಿ, ಹಿಂಬದಿಯಲ್ಲಿ ಸೀಮೆಸುಣ್ಣದ ಬಾಣ ಹಾಕಿಯೇ ಕತ್ತರಿಸುತ್ತಿದ್ದದ್ದು. ಹನ್ನೊಂದನೆಯ ಪಟ್ಟಿಗೆ ಹೊಸ ಸುರುಳಿ ಬಿಚ್ಚಿದ್ದರು. ಆ ಅವಸರದಲ್ಲಿ ಅವಳು ಸವರದೆಯೇ ಬಾಣ ಹಾಕಿದ್ದಳು. ಇದು ಮಿಲ್ಲಿನ ತಪ್ಪಲ್ಲ, ತನ್ನದೇ. ಇಷ್ಟು ವರ್ಷ ತನಗೂ ಗೊತ್ತಿರಲಿಲ್ಲ.

“ಅದಿರಲಿ,” ಎಂದು ಮ್ಯಾನೇಜರು ಪುಸ್ತಕ ತೆರೆದರು. “ಇದೇ ಅಳತೆಗೆ ಹೊಸದು ಮಾಡೋಕೆ ಬಟ್ಟೆ ಎಷ್ಟು ಬೇಕು ಮೇಡಂ?”

ಆಗ ನಡೆದದ್ದು ಆ ಇಬ್ಬರಿಂದಲ್ಲದೆ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಎಂಟು ವರ್ಷ, ಅಳತೆಯ ಮಾತು ಬಂದಾಗಲೆಲ್ಲ, ಅಕ್ಕ ಕತ್ತು ತಿರುಗಿಸುತ್ತಿದ್ದಳು, ಗುಬ್ಬಿ ಮೆಲ್ಲಗೆ ಲೆಕ್ಕ ಹೇಳುತ್ತಿದ್ದಳು, ಅಕ್ಕ ಅದನ್ನು ಗಟ್ಟಿಯಾಗಿ ಗಿರಾಕಿಗೆ ಒಪ್ಪಿಸುತ್ತಿದ್ದಳು. ಈಗಲೂ ಅಕ್ಕನ ಕತ್ತು ತಾನಾಗಿ ಕಂಬದ ಕಡೆ ತಿರುಗಿತು. ಗುಬ್ಬಿಯ ತುಟಿ ತಾನಾಗಿ ಅಲ್ಲಾಡಿತು.

“ಐದೂವರೆ ಮೀಟರಿನ ಹದಿನಾರು ಪಟ್ಟಿ. ಎಂಬತ್ತೆಂಟು.”

“ಎಂಬತ್ತೆಂಟು ಮೀಟರ್ ಸಾರ್!” ಎಂದಳು ಅಕ್ಕ.

ಹೇಳಿದ ಮೇಲೆಯೇ ಇಬ್ಬರಿಗೂ ಅರಿವಾದದ್ದು. ಮ್ಯಾನೇಜರು ಪೆನ್ನು ಎತ್ತಿ ಹಿಡಿದುಕೊಂಡೇ ಒಮ್ಮೆ ಅವಳನ್ನು, ಒಮ್ಮೆ ಇವಳನ್ನು ನೋಡಿದರು. ಮೇಲೆ ಮಾಮ ಕಿಸಕ್ಕನೆ ನಕ್ಕ.

“ಬಟ್ಟೆ ಹಿಡ್ಕೊಳ್ಳೋಕೆ ಇದ್ದೋರಿಗೆ ಲೆಕ್ಕ ಚೆನ್ನಾಗಿ ಬರುತ್ತೆ,” ಎಂದರು ಮ್ಯಾನೇಜರು. “ನೀವೇ ಹೇಳಿ. ಇದನ್ನ ಕತ್ತರಿಸಿದ್ದು ಯಾರು?”

ಹೌದು ಎಂದರೆ ಆ ಕಪ್ಪು ಪಟ್ಟಿಯೂ ತನ್ನ ಹೆಸರಿಗೆ ಬರುತ್ತದೆ. ಮಿಲ್ಲಿನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಬಟ್ಟೆಯ ವಿಷಯದಲ್ಲಿ ಸುಳ್ಳು ಹೇಳುವುದು ಗುಬ್ಬಿಗೆ ಅಭ್ಯಾಸವಿರಲಿಲ್ಲ. ಅವಳು ವೇದಿಕೆ ಹತ್ತಿ ಪಟ್ಟಿಯ ಮೇಲೆ ಅಂಗೈ ಇಟ್ಟಳು.

“ನಾನು ಸಾರ್. ಇದು ಬಣ್ಣದ ತಪ್ಪಲ್ಲ, ನಂದು. ತಲೆಕೆಳಗಾಗಿ ಕತ್ತರಿಸಿದೀನಿ. ಇದನ್ನ ಸವರಿ, ಆಮೇಲೆ ಪಕ್ಕದ್ದನ್ನ ಸವರಿ ನೋಡಿ.” ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. “ಕೆಲಸ ತಂದಿದ್ದು ಅಕ್ಕ. ಅವರು ಮಾತಾಡದೇ ಇದ್ದಿದ್ರೆ ನಮ್ಮಂಥವರಿಗೆ ಇಷ್ಟು ದೊಡ್ಡ ಪರದೆ ಯಾರು ಕೊಡ್ತಿದ್ರು? ಹೊಲಿಗೆ ಇಬ್ಬರದೂ. ಅಳತೆ, ಕತ್ತರಿ ನಂದು.”

ಮ್ಯಾನೇಜರು ಎರಡೂ ಪಟ್ಟಿ ಸವರಿದರು. ಮತ್ತೊಮ್ಮೆ ಸವರಿದರು.

“ಹೊಸದರಲ್ಲೂ ಹೀಗಾದ್ರೆ?”

“ಆಗಲ್ಲ. ಕತ್ತರಿಸಿದ್ದನ್ನ ಹೊಲಿಯೋ ಮುಂಚೆ ಇಲ್ಲಿಗೇ ತಂದು ದೀಪದ ಕೆಳಗೆ ಹಾಸ್ತೀನಿ. ನೀವು ನೋಡಿ ಒಪ್ಪಿದ ಮೇಲೇ ಸೂಜಿ.”

ಅವರು ಪುಸ್ತಕದಲ್ಲಿ ಎಂಬತ್ತೆಂಟು ಎಂದು ಬರೆದುಕೊಂಡರು. ಆಮೇಲೆ, “ಬಟ್ಟೆಯ ಮಾದರಿ ನಾಳೆ ತನ್ನಿ. ಕೆಲಸ ನಿಮಗೇ,” ಎಂದು ಗುಬ್ಬಿಗೆ ಹೇಳಿ ಪುಸ್ತಕ ಮುಚ್ಚಿದರು.

ಗುಬ್ಬಿ ಮೊದಲು ಬಾಲ್ಕನಿಯ ಮೆಟ್ಟಿಲು ಹತ್ತಿದಳು. “ಒಂದು ದಿನ ಹೇಳಿದ್ರೆ ಬಿಚ್ಚಿ ಸರಿ ಮಾಡಿಕೊಡ್ತಿದ್ದೆನಲ್ಲ ಮಾಮ?”

“ಅದಕ್ಕೇ ಹೇಳ್ಲಿಲ್ಲ. ಅಷ್ಟು ಭಾರದ್ದನ್ನ ಇಳಿಸಿ, ಬಿಚ್ಚಿ, ಮತ್ತೆ ಏರಿಸಬೇಕು. ನಂಗೆ ಒಂದು ದೀಪ ಜಾಸ್ತಿ ಹಾಕೋದು ಏನ್ ಮಹಾ?”

ಅವಳು ಆ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂಬತ್ತು ವರ್ಷದ ಎಲ್ಲ ಕಾರ್ಯಕ್ರಮಗಳಿಗೂ ಸೇರಿಸಿ ಏನೆಂದು ಹೇಳುವುದು? ಮಾಮನೇ, “ಹೋಗಮ್ಮ, ನಿಮ್ಮಕ್ಕ ಹೊರಟ್ಲು,” ಎಂದು ಕಳಿಸಿದ.

ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಸಿಕ್ಕಳು. ತಿರುಗಿ ನೋಡದೆಯೇ, “ನಂಗೆ ಏರಿಸಿದ ದಿನವೇ ಕಂಡಿತ್ತು ಕಣೇ,” ಎಂದಳು.

“ಏನು?”

“ಹನ್ನೊಂದನೇದು. ಹಳೇ ಮ್ಯಾನೇಜರೂ ಕೇಳಿದ್ರು. ಆವತ್ತೂ ಮಿಲ್ಲಿನ ತಪ್ಪು ಅಂದೆ. ನಿಂಗೆ ಹೇಳಿದ್ರೆ ಹೆದರಿ ಆವತ್ತೇ ಕತ್ತರಿ ಕೆಳಗಿಡ್ತಿದ್ದೆ. ಇಷ್ಟಿಷ್ಟೇ ಇದ್ದೆ ನೀನು.”

ಗುಬ್ಬಿ ಒಂದು ಮೆಟ್ಟಿಲು ಇಳಿದು ಅಕ್ಕನ ಪಕ್ಕ ನಿಂತಳು. ತನ್ನ ಹೆಸರನ್ನು ನುಂಗಿದವಳೇ ತನ್ನ ತಪ್ಪನ್ನೂ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

“ಉಪಕಾರ ಆಯ್ತು ಅಕ್ಕ. ಅದಕ್ಕೂ, ಆವತ್ತು ದರ್ಜಿ ಅಂಗಡಿಯಿಂದ ಕರ್ಕೊಂಡು ಬಂದಿದ್ದಕ್ಕೂ.”

“ಫೋಟೋ ಕೆಳಗೆ ನನ್ನ ಕೈಕೆಲಸ ಅಂತ ಬರೆಸ್ಕೊಂಡಿದ್ದಕ್ಕೂ?”

“ಅದಕ್ಕಿಲ್ಲ,” ಎಂದಳು ಗುಬ್ಬಿ.

ಅಕ್ಕ ಅವಳನ್ನು ದಿಟ್ಟಿಸಿ ನೋಡಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು. “ಆಯ್ತು ಮಾರಾಯ್ತಿ. ನಿನ್ನ ಹೆಸರೂ ಬರೆಸ್ತೀನಿ.”

“ನಂದು ಮೊದಲು ಬರೆಸಿ,” ಎಂದಳು ಗುಬ್ಬಿ. “ನಿಮ್ಮದು ಆಮೇಲೆ.”