ಹಸಿರು ಬಣ್ಣ ಬಳಿದ ಕಂಬ

ಹೊಸಮನಿ ಸರ್‌ಗೆ ಅನುಭವ ಇರಲಿಲ್ಲ. ಅದು ಅವರ ತಪ್ಪಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ.

ನಾನು ಖೋ ಖೋ ಕಂಬ. ಜಾಲಿ ಮರದ್ದು. ಬಡಿಗೇರ ಈರಪ್ಪ ನನ್ನನ್ನು ಕೆತ್ತಿ ದುಂಡಗೆ ಮಾಡಿದ. ಆಟ ಕಲಿಸುವ ಬಾರಕೇರ ಮಾಸ್ತರರು ಪ್ರೌಢಶಾಲೆಯ ಮೈದಾನದಲ್ಲಿ ನೆಟ್ಟರು. ಅವರಿಗೂ ಅದು ಮೊದಲ ವರ್ಷ. ಅವಸರದಲ್ಲಿ ಬುಡಕ್ಕೆ ಕಲ್ಲು ಜಡಿಯಲಿಲ್ಲ. ಕಂಬ ಅಳ್ಳಾಡುತ್ತದೆ ಎಂದು ಹುಡುಗನೊಬ್ಬ ಹೇಳಿದ. ನೆಪ ಹೇಳಬೇಡ, ಓಡು ಅಂದರು. ಮುಂದಿನ ಸುತ್ತಿನಲ್ಲಿ ನಾನು ವಾಲಿ ಅವನ ಬಾಯಿಗೆ ಬಡಿದೆ. ಮುಂದಿನ ಹಲ್ಲು ಹೋಯಿತು.

ಆಮೇಲೆ ಇಪ್ಪತ್ತೆಂಟು ವರ್ಷ, ಆಟಕ್ಕೆ ಮೊದಲು ಅವರು ನನ್ನನ್ನು ಭುಜ ಕೊಟ್ಟು ನೂಕಿ ನೋಡುತ್ತಿದ್ದರು. ಅಂಗೈ ಜಾರುತ್ತದೆ ಎಂದು ಬಣ್ಣ ಬಳಿಯಲು ಬಿಡಲಿಲ್ಲ. ಮಕ್ಕಳು ಓಡುವಾಗ ಮಾಸ್ತರರು ಕೂಗುತ್ತಿರಲಿಲ್ಲ. ಓಟ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದೇ ಮಾತು, ಅವರವರ ಕಾಲಿಗೆ ತಕ್ಕದ್ದು. ಯಾರಾದರೂ ದೂರು ಹೇಳಿದರೆ ಆಟ ನಿಲ್ಲಿಸಿ, ತಾವೇ ಒಂದು ಸುತ್ತು ಓಡಿ ನೋಡುತ್ತಿದ್ದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ನಿವೃತ್ತರಾದ ದಿನ ಶಾಲು ಹೊದಿಸಿ ಆರು ಜನ ಭಾಷಣ ಮಾಡಿದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಮಾಸ್ತರರೂ ಆ ಹಲ್ಲಿನ ಮಾತು ಎತ್ತಲಿಲ್ಲ.

ಅವರ ಜಾಗಕ್ಕೆ ಹೊಸಮನಿ ಸರ್ ಬಂದರು. ತಪಾಸಣೆಗೆ ಚೆಂದ ಕಾಣಲೆಂದು ನನಗೆ ಹಸಿರು ಎಣ್ಣೆಬಣ್ಣ ಬಳಿದರು. ಎಲ್ಲ ಮಕ್ಕಳಿಗೂ ಅವರದು ಒಂದೇ ಮಾತು: ಸೂಪರ್, ಇನ್ನೂ ಸ್ಪೀಡ್. ಹತ್ತನೇ ತರಗತಿಯ ಫಕ್ಕೀರವ್ವನಿಗೆ ಜಿಲ್ಲಾ ತಂಡದ ಆಯ್ಕೆ ನಾಲ್ಕೇ ದಿನ ದೂರವಿತ್ತು. ಬೆವರಿದ ಅವಳ ಅಂಗೈ ನನ್ನ ಮೇಲೆ ನಿಲ್ಲಲಿಲ್ಲ.

"ಸರ್, ಕಂಬ ಜಾರತೈತ್ರಿ."

"ಕಂಬ ಅಲ್ಲವ್ವ, ನಿನ್ನ ಧೈರ್ಯ ಜಾರಾಕತ್ತೈತಿ. ಓಡು."

ಹುಡುಗಿಯರು ನಕ್ಕರು. ಅವಳು ಓಡಿದಳು. ನನ್ನನ್ನು ಹಿಡಿದು ತಿರುಗುವಾಗ ಕೈ ಜಾರಿ ಬಿದ್ದಳು. ಮಣಿಕಟ್ಟು ಮುರಿದ ಸದ್ದು ಎಲ್ಲರಿಗಿಂತ ಮೊದಲು ನನಗೆ ಕೇಳಿತು.

ಕಂಬ ಹಳೆಯದು, ಅದಕ್ಕೇ ಹೀಗಾಯಿತು ಎಂದು ಹೆಡ್‌ಮಾಸ್ತರರು ಬರೆದರು. ನನ್ನನ್ನು ಕಿತ್ತು ಬಿಸಿಯೂಟದ ಕೋಣೆಯ ಹಿಂದೆ ಎಸೆದರು. ಇಲ್ಲಿಂದ ಮೈದಾನ ಕಾಣುತ್ತದೆ. ಹೊಸ ಕಂಬಕ್ಕೆ ಬಣ್ಣವಿಲ್ಲ. ಹೊಸಮನಿ ಸರ್ ದಿನಾ ಅದರ ಮೇಲೆ ಅಂಗೈ ಸವರಿ ನೋಡುತ್ತಾರೆ. ಇದಕ್ಕೇ ಅನುಭವ ಅನ್ನುತ್ತಾರೆ. ಆದರೆ ಭುಜ ಕೊಟ್ಟು ನೂಕುವುದಿಲ್ಲ. ಆ ಹಲ್ಲಿನ ಕಥೆ ಅವರಿಗೆ ಯಾರೂ ಹೇಳಿಲ್ಲ. ಹೊಸ ಕಂಬದ ಬುಡ ಅಳ್ಳಾಡುತ್ತಿದೆ.

ಇಲ್ಲಿಯವರೆಗೆ ಹೋದದ್ದು: ಒಂದು ಹಲ್ಲು, ಒಂದು ಮಣಿಕಟ್ಟು, ಜಿಲ್ಲಾ ತಂಡದಲ್ಲಿ ಒಂದು ಜಾಗ.